ಸಂತ ದಿಮಿತ್ರಿಯ ಹಬ್ಬಕ್ಕೆ ಬಂದ ಸೋಯಾ ಡಬ್ಬಿಯವರಿಗೆ

ಮಾನ್ಯರೇ,

ತಮ್ಮ ಚಿನ್ನದ ಬಣ್ಣದ ಮುಚ್ಚಳಕ್ಕೂ, ಸೊಂಟಕ್ಕೆ ಅಳತೆಯ ಟೇಪು ಸುತ್ತಿಕೊಂಡು ತಮ್ಮ ಮೈಮೇಲೆ ನಗುತ್ತಾ ನಿಂತಿರುವ ಹೆಂಗಸಿಗೂ, ತಮ್ಮೊಳಗಿನ ಪುಡಿಯಲ್ಲಿ ಹೂತುಹೋಗಿ ಬೇಕಾದಾಗ ಎಂದೂ ಕೈಗೆ ಸಿಗದ ಪುಟ್ಟ ಪ್ಲಾಸ್ಟಿಕ್ ಚಮಚಕ್ಕೂ ನಮ್ಮ ಮನೆಯವರೆಲ್ಲರ ಪರವಾಗಿ ನಮಸ್ಕಾರಗಳು. ತಗಡಿನ ಡಬ್ಬಿಯೊಂದಕ್ಕೆ ಇಷ್ಟೊಂದು ಮರ್ಯಾದೆ ಏಕೆ ಎಂದು ಈ ಪತ್ರ ಓದುವವರು ಕೇಳಬಹುದು. ಬೇಸಿಗೆಯಿಂದ ಈಚೆಗೆ ನಮ್ಮ ಅಡುಗೆಮನೆಯ ಕಪಾಟಿನ ಮೇಲೆ, ಸಂತ ದಿಮಿತ್ರಿಯ ಪಟಕ್ಕೂ ಉಪ್ಪಿನ ಭರಣಿಗೂ ನಡುವೆ, ಮನೆಯ ಹಿರಿಯರಂತೆ ಗಂಭೀರವಾಗಿ ಕೂತಿರುವ ತಮ್ಮನ್ನು ಏಕವಚನದಲ್ಲಿ ಕರೆಯುವ ಧೈರ್ಯ ನನಗಿಲ್ಲ. ತಮ್ಮ ಎದುರು ನಿಂತು ಮಾತಾಡುವ ಧೈರ್ಯವೂ ಇಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ: ತಾವು ಹೇಳಿದ ಕೆಲಸ ಮಾಡಲಿಲ್ಲ ಎಂಬುದು ನನ್ನ ದೂರಲ್ಲ. ಮಾಡಿದಿರಿ ಎಂಬುದೇ ದೂರು.

ತಾವು ಬಂದದ್ದು ಆಸ್ಟ್ರಿಯಾದಿಂದ. ಅಲ್ಲಿ ನನ್ನ ಅಮ್ಮ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಮೂರು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ, ನಮ್ಮೂರಿನ ಅರ್ಧಕ್ಕರ್ಧ ಹೆಂಗಸರ ಹಾಗೆ. ಅವರನ್ನೆಲ್ಲ ಕರೆದೊಯ್ದು ಕರೆತರುವ ವ್ಯಾನಿನಲ್ಲಿ, ಕಾಫಿ ಪೊಟ್ಟಣಗಳ ಮತ್ತು ಬಟ್ಟೆ ಒಗೆಯುವ ಪುಡಿಯ ನಡುವೆ, ತಾವು ಗಡಿ ದಾಟಿ ಬಂದಿರಿ. ತಮ್ಮನ್ನು ಯಾರೂ ಕರೆದಿರಲಿಲ್ಲ ಎನ್ನುವಂತಿಲ್ಲ. ಅಮ್ಮನೇ ಕಳಿಸಿದ್ದಳು. ಅದಕ್ಕೊಂದು ಕಾರಣವಿತ್ತು, ಮತ್ತು ತಾವು ಹೊರಗಿನವರಾದ್ದರಿಂದ ಆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುವುದು ನನ್ನ ಕರ್ತವ್ಯ.

ನಮ್ಮಲ್ಲಿ ಪ್ರತಿ ಮನೆಯನ್ನೂ ಒಬ್ಬ ಸಂತ ಕಾಯುತ್ತಾನೆ. ವರ್ಷಕ್ಕೊಮ್ಮೆ ಅವನ ದಿನ ಬರುತ್ತದೆ, ಅದಕ್ಕೆ ಸ್ಲಾವ ಎನ್ನುತ್ತೇವೆ. ಸ್ಲಾವಕ್ಕೆ ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ಏಕೆ ಬಂದಿರಿ ಎಂದು ಕೇಳುವುದೂ ಇಲ್ಲ. ಬೆಳಗಿನಿಂದ ಬರುತ್ತಲೇ ಇರುತ್ತಾರೆ, ತಿನ್ನುತ್ತಲೇ ಇರುತ್ತಾರೆ. ಆ ದಿನ ಮನೆಯ ಯಜಮಾನ ಮಾತ್ರ ಕೂರುವಂತಿಲ್ಲ. ಎಲ್ಲರೂ ಕೂತು ಉಣ್ಣುವಾಗ ಅವನು ನಿಂತು ಬಡಿಸುತ್ತಾನೆ, ಕುಡಿಯಲು ಸುರಿಯುತ್ತಾನೆ, ಕೊನೆಯ ಅತಿಥಿ ಗೇಟು ದಾಟುವವರೆಗೆ ನಿಂತೇ ಇರುತ್ತಾನೆ. ಸಂತನೇ ಮನೆಗೆ ಬಂದಿರುವಾಗ ಕೂರುವುದು ಹೇಗೆ?

ಕಳೆದ ವರ್ಷ ಸಂತ ದಿಮಿತ್ರಿಯ ದಿನ, ಹುರಿದ ಮಾಂಸದ ತಟ್ಟೆ ಕೈಯಲ್ಲಿ ಹಿಡಿದಿದ್ದಂತೆಯೇ ನನ್ನ ಅಪ್ಪ ಗಾವ್ರಾ ಕೂತುಬಿಟ್ಟರು. "ಒಂದ್ನಿಮಿಷ, ಒಂದೇ ಒಂದ್ನಿಮಿಷ" ಎಂದರು. ಮುಖ ಬೆಂದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು, ಉಸಿರು ಶಿಳ್ಳೆ ಹಾಕುತ್ತಿತ್ತು. ಮೇಜಿನ ಸುತ್ತ ಚಮಚಗಳ ಸದ್ದು ನಿಂತಿತು. ನನ್ನ ಅಜ್ಜಿ ಸ್ಮಿಲ್ಯಾ ಎದ್ದು ಮಗನ ಕೈಯಿಂದ ತಟ್ಟೆ ತೆಗೆದುಕೊಂಡು ತಾನೇ ಬಡಿಸಿದಳು. ಯಾರೂ ಬಾಯಿಬಿಟ್ಟು ಹೇಳಲಿಲ್ಲವಾದರೂ ಅಲ್ಲಿದ್ದ ದೊಡ್ಡವರಿಗೆಲ್ಲ ನೆನಪಿತ್ತು: ನನ್ನ ತಾತನೂ ಒಂದು ಸ್ಲಾವದ ದಿನ ಹೀಗೆಯೇ, ಇದೇ ಕುರ್ಚಿಯ ಮೇಲೆ, ಕೂತಿದ್ದರು. ಮುಂದಿನ ಈಸ್ಟರಿಗೆ ಅವರು ಇರಲಿಲ್ಲ.

ಆಮೇಲೆ ಅಪ್ಪ ಪಟ್ಟಣದ ಡಾಕ್ಟರಮ್ಮನ ಬಳಿ ಹೋದರು. ನಾನೂ ಜೊತೆಗಿದ್ದೆ. ಆಕೆ ರಕ್ತಪರೀಕ್ಷೆಯ ಹಾಳೆಯನ್ನು ನೋಡಿ, "ಗಾವ್ರಾ ಅವರೇ, ನಿಮ್ ಹೊಟ್ಟೆಯೊಳಗೆ ಒಂದು ಸಂಘ ರಿಜಿಸ್ಟರ್ ಆಗಿದೆ. ಸಕ್ಕರೆ ಅಧ್ಯಕ್ಷ, ಕೊಬ್ಬು ಕಾರ್ಯದರ್ಶಿ, ಬಿ.ಪಿ. ಖಜಾಂಚಿ. ಒಬ್ಬೊಬ್ಬರೇ ಬಂದಿದ್ರೆ ಮಾತಾಡಿಸಿ ಕಳಿಸಬಹುದಿತ್ತು" ಎಂದರು. ಚಯಾಪಚಯ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಅಂದೇ. "ತೂಕ ಇಳಿಸಿ, ಹಂದಿಕೊಬ್ಬು ಬಿಡಿ, ಮೆಟ್ಟಿಲು ಹತ್ತಿ. ಇಲ್ಲಾಂದ್ರೆ ಮುಂದಿನ ಸ್ಲಾವಕ್ಕೆ ನಿಲ್ಲೋ ಮಾತಿರಲಿ, ಇರೋ ಮಾತೂ ನಾನು ಕೊಡಲ್ಲ." ಮನೆಗೆ ಬಂದ ಅಪ್ಪ ಅಜ್ಜಿಗೆ ಇಷ್ಟೇ ವರದಿ ಮಾಡಿದರು: "ಮೆಟ್ಟಿಲು ಹತ್ತಬೇಕಂತೆ." ನಮ್ಮದು ರೊಟ್ಟಿಯಂತೆ ಚಪ್ಪಟೆಯಾದ ಸೀಮೆ. ಊರಿನಲ್ಲಿ ಮೆಟ್ಟಿಲೆಂಬುದು ಇರುವುದು ಚರ್ಚಿನ ಗಂಟೆಗೋಪುರದಲ್ಲಿ ಮಾತ್ರ, ಅದಕ್ಕೂ ಪಾದ್ರಿಗಳು ಬೀಗ ಹಾಕಿದ್ದಾರೆ. ಆದ್ದರಿಂದ ಆ ಚಿಕಿತ್ಸೆ ಅಲ್ಲಿಗೇ ನಿಂತಿತು.

ಹೀಗಿರುವಾಗ ತಮ್ಮ ಪ್ರವೇಶವಾಯಿತು.

ತಮ್ಮ ಮೈಮೇಲಿನ ಬರಹವನ್ನು ನಾನೇ ಓದಿ ಹೇಳಿದೆ. ಸಾಹಿತ್ಯ ಓದಿ ಪಾಸಾದ ಮೇಲೆ ಈ ಮನೆಯಲ್ಲಿ ನನಗೆ ಸಿಕ್ಕಿರುವ ಒಂದೇ ಕೆಲಸ, ಡಬ್ಬಿ ಮತ್ತು ಔಷಧಿಗಳ ಮೇಲಿನ ಸಣ್ಣಕ್ಷರವನ್ನು ಗಟ್ಟಿಯಾಗಿ ಓದುವುದು. ಚಯಾಪಚಯದ ಆರೋಗ್ಯಕ್ಕೆ, ತೂಕದ ಹತೋಟಿಗೆ, ಉತ್ಕೃಷ್ಟ ಸೋಯಾ ಪ್ರೋಟೀನ್ ಎಂದು ಓದುತ್ತಿದ್ದಂತೆ ಅಜ್ಜಿ ಆಲೂಗಡ್ಡೆ ಸುಲಿಯುವ ಚಾಕು ಕೆಳಗಿಟ್ಟಳು.

"ಏನಂದೆ? ಸೋಯಾನಾ?"

"ಹೂಂ ಅಜ್ಜಿ, ಸೋಯಾ."

"ನನ್ ಮಗಂಗಾ?"

ತಮಗೆ ತಿಳಿಯದಿರಬಹುದು, ಮಾನ್ಯರೇ, ತಿಸಾ ನದಿಯ ಈ ದಡದಲ್ಲಿ ತಮ್ಮ ಕುಲಗೋತ್ರ ಎಲ್ಲರಿಗೂ ಗೊತ್ತು. ಅಪ್ಪ ಬೆಳೆಯುವುದೇ ಸೋಯಾ. ನಮ್ಮ ಹೊಲದಾಚೆಗೂ ಸೋಯಾ, ಅದರಾಚೆಗೂ ಸೋಯಾ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಮೂಟೆಯಲ್ಲಿ ಊರಿಗೆ ವಾಪಸು ಬರುತ್ತದೆ, ಪ್ರತಿ ಮನೆಯ ಹಿತ್ತಲಲ್ಲಿ ಹಂದಿ ಅದನ್ನು ತಿನ್ನುತ್ತದೆ, ಡಿಸೆಂಬರಿನ ಚಳಿಗೆ ಹಂದಿ ಕಡಿಯುವ ಹೊತ್ತಿಗೆ ಬೆನ್ನಿನ ಮೇಲೆ ನಾಲ್ಕು ಬೆರಳು ಕೊಬ್ಬು ಕಟ್ಟಿರುತ್ತದೆ. ಅಜ್ಜಿ ಹುಟ್ಟಿದಾಗಿನಿಂದ ಕಂಡದ್ದು ಇದನ್ನೇ.

"ಸೋಯಾ ತಿಂದು ಸಣ್ಣಗಾದ ಹಂದೀನ ಈ ಜನ್ಮದಲ್ಲಿ ನಾನ್ ನೋಡಿಲ್ಲ" ಎಂದಳು ಅಜ್ಜಿ. ಸ್ವಲ್ಪ ಯೋಚಿಸಿ, ಮುಖ ಅರಳಿಸಿಕೊಂಡು, "ಆದ್ರೂ ಪರವಾಗಿಲ್ಲ. ಮಗು ಸೊರಗಿದೆ. ಕುಡೀಲಿ" ಎಂದಳು.

ಮಗುವಿನ ತೂಕವನ್ನು ಇಲ್ಲಿ ನಮೂದಿಸುವುದು ಔಚಿತ್ಯವಲ್ಲ. ಧಾನ್ಯ ತೂಗುವ ತಕ್ಕಡಿಯಲ್ಲಿ ನಿಲ್ಲಿಸಿ ತೂಗಬೇಕಾಯಿತು ಎಂದಷ್ಟೇ ಹೇಳುತ್ತೇನೆ.

ಸುದ್ದಿ ಕೂಮ್ ತೋಶಾನಿಗೂ ತಲುಪಿತು. ಕೂಮ್ ಎಂದರೆ ಅಪ್ಪನ ಮದುವೆಗೆ ಸಾಕ್ಷಿ ನಿಂತು ಅಂದಿನಿಂದ ರಕ್ತಸಂಬಂಧಿಗಿಂತ ಹತ್ತಿರದವನಾದವನು. ಹತ್ತಿರ ಎಂದರೆ ಹಗಲು ಹೊತ್ತಿನಲ್ಲಿ ನಮ್ಮ ಮನೆಯಿಂದ ಅವನನ್ನು ಹೊರಗೆ ಕಳಿಸುವುದು ಕಷ್ಟ ಎಂದು ಅರ್ಥ. ಬಂದವನೇ ತಮ್ಮನ್ನು ಎತ್ತಿ, ಅಲ್ಲಾಡಿಸಿ, ಮೂಸಿ ನೋಡಿ, ಅಪ್ಪನ ಬೆನ್ನಿನ ಮೇಲೆ ಕೈಯಿಟ್ಟು ಬೆರಳಲ್ಲಿ ಅಳೆದ.

"ಲೋ ಗಾವ್ರಾ, ಡಿಸೆಂಬರ್‌ಗೆ ತಯಾರಾಗ್ತೀಯೇನೋ? ಚಾಕು ಮಸೆಸ್ಲಾ?"

"ಬಾಯ್ಮುಚ್ಚೋ ತೋಶಾ" ಎಂದಳು ಅಜ್ಜಿ.

"ನಾನೇನಂದೆ ಅಮ್ಮ? ಒಳ್ಳೇ ಮೇವು ಹಾಕ್ತಿದ್ದೀರಿ. ಕಿವಿ ಹಿಂದೆ ಸ್ವಲ್ಪ ಕೆರೀರಿ, ಇನ್ನೂ ಬೇಗ ಮೈ ಹಿಡಿಯುತ್ತೆ."

ಅಪ್ಪ ನಕ್ಕರು. ನಗುವಾಗಲೂ ಶಿಳ್ಳೆ ಕೇಳುತ್ತಿತ್ತು.

ಈಗ ನನ್ನ ದೂರಿನ ಮೊದಲ ಭಾಗಕ್ಕೆ ಬರುತ್ತೇನೆ. ತಮ್ಮ ಮೈಮೇಲೆ 'ಒಂದು ಹೊತ್ತಿನ ಊಟದ ಬದಲಿಗೆ' ಎಂದು ಬರೆದಿದೆ. ಬರೆದವರು ಬಹುಶಃ ಒಬ್ಬರೇ ಒಂದು ಕೋಣೆಯಲ್ಲಿ ವಾಸಿಸುವವರು. ಅಜ್ಜಿಗೆ ಆ ವಾಕ್ಯ ಕೇಳಿಸಿತು, ಆದರೆ ಅದು ಆಜ್ಞೆ ಎಂದು ಅವಳಿಗೆ ಅನ್ನಿಸಲಿಲ್ಲ, ವಿನಯ ಎಂದೇ ಅನ್ನಿಸಿತು. ನಮ್ಮ ಕಡೆ ಅತಿಥಿಗಳು ಬಾಗಿಲಲ್ಲೇ ನಿಂತು "ಏನೂ ಬೇಡ, ಈಗ ತಾನೇ ಉಂಡು ಬಂದೆ" ಎನ್ನುತ್ತಾರೆ. ಆಮೇಲೆ ಕೂತು ಮೂರು ತಟ್ಟೆ ಉಣ್ಣುತ್ತಾರೆ. ತಾವೂ ಹಾಗೆಯೇ ಸಂಕೋಚ ಪಡುತ್ತಿದ್ದೀರಿ ಎಂದು ಅಜ್ಜಿ ತಿಳಿದಳು. ಆದ್ದರಿಂದ ಮಧ್ಯಾಹ್ನ ಮೊದಲು ಕೋಳಿ ಸೂಪು, ಅದರಲ್ಲಿ ಮನೆಯಲ್ಲೇ ಕತ್ತರಿಸಿದ ಎಳೆಎಳೆ ಶಾವಿಗೆ, ನಂತರ ಸೂಪಿನಲ್ಲಿ ಬೆಂದ ಮಾಂಸ ಟೊಮೆಟೊ ಗೊಜ್ಜಿನ ಜೊತೆ, ನಂತರ ಪ್ಲಮ್ ಹಣ್ಣಿನ ಕಡುಬು, ಇವೆಲ್ಲ ಆದ ಮೇಲೆ ಕೊನೆಯಲ್ಲಿ, ತಮಗೆ ಅವಮಾನವಾಗದಿರಲೆಂದು, ತಾವು. ಹಾಲಿನಲ್ಲಿ. ಮೇಲೆ ಒಂದು ಚಮಚ ಕೆನೆ.

ಅಪ್ಪನೋ, ಹೆಂಡತಿಗೂ ಇಲ್ಲ ಎನ್ನಲಾರರು, ತಾಯಿಗೂ ಇಲ್ಲ ಎನ್ನಲಾರರು. ಅಜ್ಜಿಯ ಊಟ ಅಜ್ಜಿಗಾಗಿ ಉಂಡರು, ಅಮ್ಮನ ಡಬ್ಬಿ ಅಮ್ಮನಿಗಾಗಿ ಕುಡಿದರು. ತಮ್ಮ ಮೊದಲ ಡಬ್ಬಿ ಮುಗಿಯುವ ಹೊತ್ತಿಗೆ ಧಾನ್ಯದ ತಕ್ಕಡಿ ಮೇಲೆ ಇನ್ನೊಂದು ಕಲ್ಲು ಇಡಬೇಕಾಯಿತು.

"ನಾನ್ ಹೇಳಿರ್ಲಿಲ್ವಾ?" ಎಂದಳು ಅಜ್ಜಿ. "ಒಳ್ಳೇ ಪುಡಿ. ಮೈಗೆ ಹತ್ತುತ್ತೆ."

ಆದರೂ ಅವಳು ನ್ಯಾಯವಂತೆ. ತನ್ನ ಮಾತಿಗೆ ಪುರಾವೆ ಬೇಕೆಂದು ಎರಡನೆಯ ಡಬ್ಬಿಯಿಂದ ದಿನಕ್ಕೊಂದು ಚಮಚ ಹಿತ್ತಲಿನ ಹಂದಿಯ ಬೋಗುಣಿಗೂ ಹಾಕತೊಡಗಿದಳು. ಆ ಪ್ರಾಣಿ ತಮ್ಮ ವೆನಿಲಾ ಪರಿಮಳಕ್ಕೆ ತೋರಿದ ಗೌರವವನ್ನು ತಾವು ಕಣ್ಣಾರೆ ನೋಡಬೇಕಿತ್ತು. ಅದರ ಕೂದಲು ಹೊಳೆಯಿತು, ನಡಿಗೆಗೆ ಒಂದು ಠೀವಿ ಬಂತು. ಚಯಾಪಚಯದ ಆರೋಗ್ಯ ಎಂದರೇನು ಎಂದು ನನಗೆ ಮೊದಲ ಬಾರಿಗೆ ಅರ್ಥವಾದದ್ದು ಆ ಹಂದಿಯನ್ನು ನೋಡಿ.

ರುಚಿಯ ವಿಷಯದಲ್ಲಿ ತಮ್ಮ ಮೇಲೆ ದೂರು ಹೇಳಲು ನನ್ನಲ್ಲಿ ಏನೂ ಇಲ್ಲ. ದೂರಲು ಮೊದಲು ರುಚಿಯೊಂದು ಇರಬೇಕಷ್ಟೆ. ವೆನಿಲಾವನ್ನು ಚಿಕ್ಕಂದಿನಲ್ಲಿ ಒಮ್ಮೆ ದೂರದಿಂದ ನೋಡಿದ್ದವರು ನೆನಪಿನಿಂದ ಮಾಡಿದ ಪಾನೀಯದಂತೆ ತಾವಿದ್ದೀರಿ. ಎಷ್ಟು ಕಲಕಿದರೂ ಕರಗದೆ ತಳದಲ್ಲಿ ಉಳಿಯುವ ತಮ್ಮ ಗಂಟುಗಳು ತಮ್ಮ ಸ್ವಾಭಿಮಾನಕ್ಕೆ ಸಾಕ್ಷಿ.

ಈ ನಡುವೆ ಅಮ್ಮ ಫೋನು ಮಾಡಿದಳು. ಸ್ಪೀಕರಿನಲ್ಲಿ ಹಾಕಿದ್ದರಿಂದ ಮನೆಯವರೆಲ್ಲರಿಗೂ ಕೇಳಿಸಿತು, ಬಾಗಿಲಲ್ಲಿದ್ದ ತೋಶಾನಿಗೂ.

"ಅತ್ತೆ, ಅದು ಊಟದ ಜೊತೆಗಲ್ಲ! ಊಟದ ಬದಲಿಗೆ!"

"ಬದಲಿಗೆ ಅಂದ್ರೆ?"

"ಅಂದ್ರೆ ಮಧ್ಯಾಹ್ನ ಅವರಿಗೆ ಅದೊಂದೇ. ಸೂಪಿಲ್ಲ, ಮಾಂಸ ಇಲ್ಲ, ಕಡುಬಿಲ್ಲ."

"ನೀನು ಅಲ್ಲಿ ಆ ಮುದುಕೀಗೆ ಮಧ್ಯಾಹ್ನ ಏನ್ ಹಾಕ್ತೀಯಾ?"

ಅಮ್ಮ "ಸೂಪು" ಎಂದಳು.

"ಬೇರೆಯವರ ಮುದುಕೀಗೆ ಸೂಪು. ನನ್ನ ಮಗಂಗೆ ಹಂದಿ ಮೇವು. ಚೆನ್ನಾಗಿದೆ ಕಣಮ್ಮ ನಿನ್ನ ನ್ಯಾಯ."

ಆಮೇಲೆ ಅಮ್ಮ, "ಅತ್ತೆ, ನಾನು ಅಲ್ಲಿಲ್ಲ. ಇದ್ದಿದ್ರೆ ಈ ಡಬ್ಬಿ ಯಾಕೆ ಕಳಿಸ್ತಿದ್ದೆ" ಎಂದಳು. ತೋಶಾ ಎಂದೂ ಇಲ್ಲದಂತೆ ಟೋಪಿ ಹಾಕಿಕೊಂಡು ತಾನಾಗಿಯೇ ಹೊರಟುಹೋದ.

ಮಾನ್ಯರೇ, ಇಲ್ಲಿ ತಮಗೊಂದು ಪ್ರಶ್ನೆ ಕೇಳುವ ಸ್ವಾತಂತ್ರ್ಯ ತೆಗೆದುಕೊಳ್ಳುತ್ತೇನೆ. ಒಂದು ಊಟದಲ್ಲಿ ಏನೇನಿರುತ್ತದೆಂದು ತಮ್ಮ ಪಕ್ಕೆಯಲ್ಲಿ ಪಟ್ಟಿ ಹಾಕಿದ್ದೀರಿ: ಪ್ರೋಟೀನು, ನಾರು, ಸತು, ಮೆಗ್ನೀಷಿಯಂ. ಬಹಳ ಸಂತೋಷ. ಆದರೆ ನಮ್ಮ ಮನೆಯ ಊಟದಲ್ಲಿ ಇವುಗಳ ಜೊತೆ ಇನ್ನೂ ಕೆಲವು ಇರುತ್ತವೆ. ಎದುರು ಕುರ್ಚಿಯಲ್ಲಿ ಕೂತು, ತಾನು ಉಣ್ಣದೆ, ಉಣ್ಣುವವರ ಬಾಯನ್ನೇ ನೋಡುವ ಒಬ್ಬ ಮುದುಕಿ ಇರುತ್ತಾಳೆ. ತಟ್ಟೆ ಖಾಲಿಯಾಗುವ ಮೊದಲೇ ಅವಳ ಸೌಟು ಮೇಲೇಳುತ್ತದೆ, "ಇನ್ನೊಂಚೂರು" ಎನ್ನುತ್ತಾಳೆ. "ಸಾಕಮ್ಮ" ಎಂದರೆ ಅವಳಿಗೆ ಕಿವಿ ಕೇಳಿಸುವುದಿಲ್ಲ. ನನ್ನ ಅಜ್ಜಿಗೆ ಮಗನೊಡನೆ ಆಡಲು ಬೇರೆ ಮಾತು ಬಾರದು. ಅವನು ಹುಟ್ಟಿದಾಗ, ಶಾಲೆಗೆ ಹೋದಾಗ, ಸೈನ್ಯಕ್ಕೆ ಹೋಗಿ ಬಂದಾಗ, ತನ್ನ ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೂ ಅವಳು ಅವನಿಗೆ ಹೇಳಿದ್ದು ಅದೊಂದೇ ಮಾತು. ತಾವು ಊಟದ ಬದಲಿಗೆ ಬಂದಿರುವಿರಾದರೆ, ಆ ಮಾತಿನ ಬದಲಿಗೆ ಏನು ತಂದಿದ್ದೀರಿ? ಹಾಗೇನಾದರೂ ತಂದಿದ್ದು ಪುಡಿಯೊಳಗೆ ಹೂತುಹೋಗಿದ್ದರೆ, ಚಮಚದಂತೆ ಅದನ್ನೂ ಹುಡುಕಿಕೊಳ್ಳುವೆವು. ಇಲ್ಲವಾದರೆ ಮುಂದಿನ ಡಬ್ಬಿಗಳಲ್ಲಿ ಮುಚ್ಚಳದ ಕೆಳಗೆ ಒಬ್ಬ ಸಣ್ಣ ಅಜ್ಜಿಯನ್ನು, ಕರಗುವಂಥವಳನ್ನು, ಗಂಟು ಕಟ್ಟದವಳನ್ನು, ಸೇರಿಸಿ ಕಳುಹಿಸಲು ಸಾಧ್ಯವೇ ಎಂದು ದಯವಿಟ್ಟು ತಿಳಿಸುವುದು.

ಸೋಯಾ ಕೊಯ್ಲು ಬಂತು. ಆ ದಿನಗಳಲ್ಲಿ ಅಪ್ಪ ಕೊಯ್ಲಿನ ಯಂತ್ರದ ಮೇಲೆಯೇ ಇರುತ್ತಾರೆ, ಮಧ್ಯಾಹ್ನದ ಊಟವನ್ನು ನಾವು ಹೊಲಕ್ಕೆ ಒಯ್ಯುತ್ತೇವೆ. ಅಂದು ಅಜ್ಜಿ ತಾನೂ ಬರುತ್ತೇನೆಂದಳು. ಸೂಪಿನ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ಕೂತಳು. ನಾವು ಹೊಲದ ಅಂಚು ತಲುಪಿದಾಗ ಅಪ್ಪ ಕೆಳಗಿಳಿದು ಏನನ್ನೋ ಸರಿಮಾಡಿ ಮತ್ತೆ ಯಂತ್ರದ ಏಣಿ ಹತ್ತುತ್ತಿದ್ದರು. ನಮ್ಮ ಸೀಮೆಯಲ್ಲಿ ಅವರಿಗೆ ಸಿಕ್ಕ ಮೆಟ್ಟಿಲು ಅದೊಂದೇ. ಅರ್ಧ ಹತ್ತಿ ನಿಂತರು. ಹಣೆಯನ್ನು ಕಬ್ಬಿಣದ ಕಂಬಿಗೆ ಆನಿಸಿದರು. ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಸುತ್ತ ಹಣ್ಣಾದ ಸೋಯಾ ಗಾಳಿಗೆ ಗಿಲಕಿಯಂತೆ ಸದ್ದು ಮಾಡುತ್ತಿತ್ತು.

ನಾನು ಓಡಬೇಕೆಂದುಕೊಂಡೆ. ಅಜ್ಜಿ ನನ್ನ ತೋಳು ಹಿಡಿದಳು.

"ಬೇಡ. ನಾವು ನೋಡಿದ್ವಿ ಅಂತ ಅವಂಗೆ ಗೊತ್ತಾಗ್ಬಾರ್ದು."

ಅಪ್ಪ ಕೊನೆಗೂ ಹತ್ತಿದರು. ಯಂತ್ರ ಹೊರಟಿತು. ಅಜ್ಜಿ ಸೂಪಿನ ಪಾತ್ರೆಯನ್ನು ಟವೆಲಿನಿಂದ ಬಿಚ್ಚಲಿಲ್ಲ. ಆ ದಿನ ಅವಳ ಊಟ ಉಂಡವನು ಪಕ್ಕದ ಹೊಲದಲ್ಲಿದ್ದ ತೋಶಾ. ಅಪ್ಪನಿಗೆ ಅವಳು ಹೇಳಿಕಳಿಸಿದ್ದು, ಸೂಪು ಚೆಲ್ಲಿಹೋಯಿತು ಎಂದು.

ಮನೆಗೆ ಬಂದ ಮೇಲೆ ಅಜ್ಜಿ ತಮ್ಮನ್ನು ಕಪಾಟಿನಿಂದ ಇಳಿಸಿ ನನ್ನ ಮುಂದಿಟ್ಟಳು.

"ಓದು. ಮೊದಲಿಂದ. ನಿಧಾನಕ್ಕೆ."

ಓದಿದೆ. 'ಬದಲಿಗೆ' ಎಂಬಲ್ಲಿಗೆ ಬಂದಾಗ ಅವಳು ಕೈಯೆತ್ತಿ ನಿಲ್ಲಿಸಿದಳು.

"ಅಂದ್ರೆ ನಾನು ಮಾಡಿದ್ದು ಅವನು ತಿನ್ನಬಾರ್ದು."

"ಮಧ್ಯಾಹ್ನದ್ದು ಮಾತ್ರ ಅಜ್ಜಿ. ಒಂದು ಹೊತ್ತು."

"ಅವನಪ್ಪಂಗೂ ನಾನೇ ಹಾಕಿದ್ದು" ಎಂದಳು. "ಚೆನ್ನಾಗಿ ತಿಂತಿದ್ರು. ನಾನು ಹಾಕಿದ್ದನ್ನ ಎಂದೂ ಬಿಟ್ಟೋರಲ್ಲ." ಮತ್ತೆ ಆಲೂಗಡ್ಡೆ ಸುಲಿಯಲು ಶುರುಮಾಡಿದಳು. ಬಹಳ ತೆಳ್ಳಗೆ ಸುಲಿದಳು.

ಮರುದಿನದಿಂದ ಅವಳು ತಮ್ಮನ್ನು ಅಡುಗೆ ಮಾಡತೊಡಗಿದಳು. ಬೇರೆ ಮಾತು ನನಗೆ ತೋಚುತ್ತಿಲ್ಲ. ಮೊಟ್ಟೆಯ ಬಿಳಿ ಕಡೆಯುವ ದೊಡ್ಡ ಬಟ್ಟಲಿನಲ್ಲಿ ಸುರಿದು, ತಂತಿಯ ಕಡಗೋಲಿನಿಂದ ರಟ್ಟೆ ಸೋಲುವ ತನಕ ಕಡೆದಳು. ತಮ್ಮ ಸ್ವಾಭಿಮಾನದ ಗಂಟುಗಳು ಒಂದೂ ಉಳಿಯಲಿಲ್ಲ. ಕಸೂತಿಯ ಮೇಜುಬಟ್ಟೆ ಹಾಸಿದಳು. ಮದುವೆಯಲ್ಲಿ ತಂದ ಪಿಂಗಾಣಿ ಸೂಪುಪಾತ್ರೆಯಲ್ಲಿ ತಮ್ಮನ್ನು ತುಂಬಿ, ಮುಚ್ಚಳ ಮುಚ್ಚಿ, ಮೇಜಿನ ನಡುವೆ ಇಟ್ಟು, ಸೌಟಿನಿಂದ ಆಳವಾದ ತಟ್ಟೆಗೆ ಬಡಿಸಿದಳು. ಕೈಯಲ್ಲಿ ಹಿಡಿದು ನಡೆಯುತ್ತಾ ಕುಡಿಯಬಹುದೆಂದು ತಮ್ಮ ಮೇಲೆ ಬರೆದಿರುವುದನ್ನು ಓದಿದಾಗ ಅವಳು ಶಿಲುಬೆಯ ಗುರುತು ಮಾಡಿಕೊಂಡಿದ್ದಳು. ಅಪ್ಪ ಚಮಚದಿಂದ ಶೇಕ್ ಉಂಡರು. ಎದುರು ಕುರ್ಚಿಯಲ್ಲಿ ಅವಳು ಕೂತಳು. ತಟ್ಟೆ ಖಾಲಿಯಾಯಿತು. ಅವಳ ಕೈ ಸೌಟಿನ ಕಡೆಗೆ ಹೋಗಿ, ದಾರಿಯಲ್ಲಿ ಮನಸ್ಸು ಬದಲಿಸಿ, ಮೇಜುಬಟ್ಟೆಯ ಮೇಲಿಲ್ಲದ ಒಂದು ಬ್ರೆಡ್ ಚೂರನ್ನು ಒರೆಸಿತು.

"ಎದ್ದೇಳು. ಹೊಲಕ್ಕೆ ನಡ್ಕೊಂಡು ಹೋಗು" ಎಂದಳು. "ಗಾಡಿ ಬೇಡ."

ತೋಶಾ ಇದನ್ನು ನೋಡಿದ. ತಮಾಷೆ ಮಾಡಲು ಬಾಯಿ ತೆರೆದ. ಅಜ್ಜಿಯ ಮುಖ ನೋಡಿ, "ನಾನೂ ಬರ್ತೀನಿ ಕಣೋ ಗಾವ್ರಾ, ಒಬ್ಬನೇ ನಡೆದ್ರೆ ನಾಯಿ ಅಟ್ಟಿಸ್ಕೊಂಡು ಬರುತ್ತೆ" ಎಂದು ಜೊತೆಗೆ ಹೊರಟ.

ಹೀಗೆ ಕೊಯ್ಲು ಮುಗಿಯಿತು. ಧಾನ್ಯದ ತಕ್ಕಡಿಯ ಕಲ್ಲುಗಳು ಒಂದೊಂದಾಗಿ ಕೆಳಗಿಳಿದವು, ಡಾಕ್ಟರಮ್ಮ ಹಾಳೆ ನೋಡಿ "ಅಧ್ಯಕ್ಷರು ರಾಜೀನಾಮೆ ಕೊಡೋ ಯೋಚನೇಲಿದ್ದಾರೆ, ಹೀಗೇ ಒತ್ತಾಯ ಮಾಡ್ತಿರಿ" ಎಂದರು. ಇದರಲ್ಲಿ ತಮ್ಮ ಪಾಲೆಷ್ಟು, ನಡಿಗೆಯ ಪಾಲೆಷ್ಟು, ಹೇಳದೆ ನುಂಗಿದ ಒಂದು ಮಾತಿನ ಪಾಲೆಷ್ಟು ಎಂದು ನಾನು ಕೇಳಿದೆ. ಅದನ್ನು ಅಳೆಯುವ ಪರೀಕ್ಷೆ ಇನ್ನೂ ಬಂದಿಲ್ಲ ಎಂದು ಆಕೆ ಹೇಳಿದರು. ತಮ್ಮ ಪ್ರಯೋಗಶಾಲೆಗೆ ಈ ವಿಷಯದಲ್ಲಿ ಆಸಕ್ತಿ ಇರಬಹುದು.

ಸಂತ ದಿಮಿತ್ರಿಯ ದಿನ ಬಂತು. ಹಬ್ಬದ ಮೇಣದಬತ್ತಿ ಹಚ್ಚಿದೆವು, ಪಾದ್ರಿಗಳು ಬಂದು ಹಬ್ಬದ ರೊಟ್ಟಿಯನ್ನು ಅಪ್ಪನ ಕೈಗಳ ಜೊತೆ ಸೇರಿ ತಿರುಗಿಸಿ ಮುರಿದರು, ಅಮ್ಮ ವ್ಯಾನಿನಿಂದ ಇಳಿದವಳೇ ಕೋಟು ಬಿಚ್ಚದೆ ಅಡುಗೆಮನೆಗೆ ನುಗ್ಗಿದಳು. ಜನ ಬರತೊಡಗಿದರು. ಬಂದವರು ಪ್ರಸಾದದ ಸಿಹಿಗೋಧಿ ಒಂದು ಚಮಚ ಬಾಯಿಗಿಟ್ಟು, ಕೂತು, ಮೊದಲು ನೋಡಿದ್ದು ಅಪ್ಪನ ಕಾಲುಗಳನ್ನು. ಯಾರೂ ನೋಡದಂತೆ ನೋಡಿದರು, ಆದರೆ ನಾನು ಮೂಲೆಯಲ್ಲಿ ನಿಂತು ನೋಡುವವರನ್ನೇ ನೋಡುವವಳು.

ಒಂದೇ ಒಂದು ಕಷ್ಟವಿತ್ತು. ಯಜಮಾನ ಪ್ರತಿಯೊಬ್ಬರ ಜೊತೆಯೂ ಪ್ಲಮ್ ಹೆಂಡದ ಲೋಟ ಎತ್ತಬೇಕು, ಬರಿಗೈಯಲ್ಲಿ ನಿಂತರೆ ಬಂದವರಿಗೆ ಅವಮಾನ. ಅಜ್ಜಿ ಬೆಳಿಗ್ಗೆಯೇ ಅದಕ್ಕೆ ದಾರಿ ಹುಡುಕಿದ್ದಳು. ಕುತ್ತಿಗೆ ಸಣ್ಣಗಿರುವ ಹಳೆಯ ಗಾಜಿನ ಬಾಟಲಿಯಲ್ಲಿ ತಮ್ಮನ್ನು ತುಂಬಿ ಅಪ್ಪನ ಕೈಗೆ ಕೊಟ್ಟಿದ್ದಳು. ಮೊದಲ ಲೋಟ ಎತ್ತಿದಾಗ ಪಕ್ಕದ ಬೀದಿಯ ಮುದುಕನೊಬ್ಬ ಕಣ್ಣು ಕಿರಿದು ಮಾಡಿ, "ಇದೇನ್ ಗಾವ್ರಾ, ಹಾಲಾ?" ಎಂದ.

ನನ್ನ ಅಜ್ಜಿ, ತಮ್ಮನ್ನು ಹಂದಿ ಮೇವು ಎಂದು ಕರೆದವಳು, ಕೈಯಲ್ಲಿದ್ದ ತಟ್ಟೆ ಕೆಳಗಿಡದೆ ತಿರುಗಿ ಹೇಳಿದಳು: "ಹಾಲಲ್ಲ. ಮೊಟ್ಟೆ ಮದ್ಯ. ನಮ್ಮ ಮನೆತನದ್ದು. ಯಜಮಾನಂಗೆ ಮಾತ್ರ ಕೊಡೋದು, ಕೇಳ್ಬೇಡ."

ಸಂತನ ಪಟದ ಕೆಳಗೆ ನಿಂತು ಆಡಿದ ಆ ಸುಳ್ಳಿನಿಂದ ತಾವು ನಮ್ಮ ಮನೆತನಕ್ಕೆ ಸೇರಿದಿರಿ, ಮಾನ್ಯರೇ. ತಮಗಿಂತ ಒಳ್ಳೆಯ ಕುಲದ ಅಳಿಯಂದಿರಿಗೂ ಇಷ್ಟು ಬೇಗ ಆ ಭಾಗ್ಯ ಸಿಕ್ಕಿಲ್ಲ.

ಅಪ್ಪ ನಿಂತರು. ಮಧ್ಯಾಹ್ನದವರೆಗೆ ನಿಂತರು, ಬೆಳಕು ಇಳಿಯುವವರೆಗೆ ನಿಂತರು. ತಟ್ಟೆ ಹಿಡಿದು ಮೇಜಿನ ಸುತ್ತ ತಿರುಗಿದರು, ಹಾಡಿಗೆ ದನಿ ಸೇರಿಸಿದರು. ತಾತನೂ ಕಳೆದ ವರ್ಷ ಅಪ್ಪನೂ ಕೂತುಬಿಟ್ಟಿದ್ದ ಆ ಕುರ್ಚಿಯ ಮೇಲೆ ತೋಶಾ ಇಡೀ ದಿನ ಏಳದೆ ಕೂತಿದ್ದ. ಯಾರಾದರೂ ಜಾಗ ಕೇಳಿದರೆ "ನನ್ ಕಾಲು ನೋವು ಕಣ್ರೀ" ಎನ್ನುತ್ತಿದ್ದ. ಅವನ ಕಾಲಿಗೆ ಏನೂ ಆಗಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಕೊನೆಯ ಅತಿಥಿ ಗೇಟು ದಾಟಿದ ಮೇಲೆ ಅವನು ಎದ್ದು, ಕುರ್ಚಿಯನ್ನು ಅಂಗೈಯಿಂದ ಒರೆಸಿ, ಅಪ್ಪನ ಕಡೆಗೆ ತಿರುಗಿಸಿ, ಮನೆಗೆ ಹೋದ.

"ಈಗ ಕೂತ್ಕೊ" ಎಂದಳು ಅಜ್ಜಿ.

ಅಪ್ಪ ಕೂತರು. ಅವಳು ಅವರ ಮುಂದೆ ಸೂಪು ಬಡಿಸಿದಳು. ನಿಜವಾದ ಸೂಪು, ಕೋಳಿಯದು, ಎಳೆಎಳೆ ಶಾವಿಗೆಯದು. ಅಪ್ಪ ಉಂಡರು. ತಟ್ಟೆ ಖಾಲಿಯಾಗುತ್ತಾ ಬಂದಂತೆ ನಾನು, ಅಮ್ಮ, ಬಹುಶಃ ಸಂತನೂ, ಆ ಮಾತಿಗಾಗಿ ಕಾದೆವು. ಬರಲಿಲ್ಲ. ಅಪ್ಪ ತಲೆಯೆತ್ತಿ ನೋಡಿದರು. ಆಮೇಲೆ, ಮಗು ಮಾಡುವ ಹಾಗೆ, ತಟ್ಟೆಯನ್ನು ಮೆಲ್ಲನೆ ಅವಳ ಕಡೆಗೆ ತಳ್ಳಿದರು.

"ಇನ್ನೊಂಚೂರು ಹಾಕಮ್ಮ."

"ಇಲ್ಲ" ಎಂದಳು ಅಜ್ಜಿ. ಸೂಪುಪಾತ್ರೆಯ ಮುಚ್ಚಳ ಮುಚ್ಚಿದಳು. ಮುಚ್ಚಳದ ಮೇಲೆ ಎರಡೂ ಕೈ ಇಟ್ಟುಕೊಂಡಳು.

ನನಗೆ ತಿಳಿದಂತೆ ಆ ಮೇಜಿನಲ್ಲಿ ಊಟ ಕೇಳಿದವರಿಗೆ ಇಲ್ಲ ಎಂದದ್ದು ಅದೇ ಮೊದಲು. ಅಪ್ಪ ಅವಳ ಕೈಗಳ ಮೇಲೆ ತಮ್ಮ ಕೈ ಇಟ್ಟರು. ನಂತರ ಅಜ್ಜಿ ಕಣ್ಣೊರೆಸಿಕೊಂಡು, ಉಸಿರೆಳೆದುಕೊಂಡು, ಮೂಲೆಯಲ್ಲಿದ್ದ ನನ್ನ ಕಡೆಗೆ ತಿರುಗಿದಳು. ಮುಚ್ಚಳ ಮತ್ತೆ ತೆರೆಯಿತು.

"ನೀನ್ ಬಾರೆ ಪುಟ್ಟಿ, ಕಡ್ಡಿ ಹಾಗಿದ್ದೀಯಾ. ಇನ್ನೊಂಚೂರು."

ಇದೇ, ಮಾನ್ಯರೇ, ನನ್ನ ದೂರಿನ ತಿರುಳು. ತಾವು ಊಟವನ್ನು ತೆಗೆದುಹಾಕಲಿಲ್ಲ, ವರ್ಗ ಮಾಡಿದಿರಿ. ಅಪ್ಪನ ತಟ್ಟೆಯಿಂದ ತಾವು ಎಬ್ಬಿಸಿದ ಅಷ್ಟೂ ಸೂಪು, ಅಷ್ಟೂ ಕಡುಬು, ಅಷ್ಟು ವರ್ಷದ ಇನ್ನೊಂಚೂರುಗಳೆಲ್ಲ ಈಗ ನನ್ನ ತಟ್ಟೆಯಲ್ಲಿ ಬಂದು ನೆಲೆಸಿವೆ. ಇಲ್ಲ ಎನ್ನಲು ಬಾಯಿ ಬಾರದವಳು ನಾನು. ಅವಳ ಮುಖ ನೋಡಿದ ಮೇಲಂತೂ ಬರುವುದೇ ಇಲ್ಲ. ಈ ಪತ್ರವನ್ನು ಲಂಗದ ಗುಂಡಿ ಬಿಚ್ಚಿಕೊಂಡು ಬರೆಯುತ್ತಿದ್ದೇನೆ. ದಯವಿಟ್ಟು ಈ ವರ್ಗಾವಣೆಯನ್ನು ರದ್ದುಪಡಿಸಬೇಡಿ. ಆದರೆ ಧಾನ್ಯದ ತಕ್ಕಡಿಯ ಮೇಲೆ ಮುಂದೆ ನಿಲ್ಲಬೇಕಾದವಳು ಯಾರೆಂದು ತಮಗೆ ತಿಳಿದಿರಲಿ ಎಂದಷ್ಟೇ ನನ್ನ ವಿನಂತಿ.

ಹೊಟ್ಟೆ ತುಂಬಿದ,
ತಮ್ಮ ವಿಶ್ವಾಸಿ,
ಸೆಂಕಾ ವ್ರೆಬಾಲೊವ್

ತಾ.ಕ.: ಮೇಲೆ ಹೇಳಿದ ನಮ್ಮ ಹಂದಿ ತಮ್ಮ ಪುಡಿಯನ್ನು ತಪ್ಪದೆ ಸೇವಿಸಿ ಈಗ ಊರಿನ ಹೆಮ್ಮೆಯಾಗಿದೆ. 'ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಬಹುದು' ಎಂದು ತಾವು ಸಣ್ಣಕ್ಷರದಲ್ಲಿ ಎಚ್ಚರಿಸಿದ್ದು ಎಷ್ಟು ಪ್ರಾಮಾಣಿಕ ಮಾತು ಎಂದು ಅದನ್ನು ನೋಡಿದವರೆಲ್ಲ ಒಪ್ಪುತ್ತಾರೆ. ತೋಶಾ ತನ್ನ ಹಂದಿಗೂ ಒಂದು ಡಬ್ಬಿ ತರಿಸಲು ಅಮ್ಮನ ಕೈಯಲ್ಲಿ ಹೇಳಿಕಳಿಸಿದ್ದಾನೆ. ಟೇಪು ಸುತ್ತಿಕೊಂಡ ಆ ಹೆಂಗಸಿಗೆ ಎಂದಾದರೂ ರಜೆ ಬೇಕಾದಲ್ಲಿ ತಮ್ಮ ಡಬ್ಬಿಯ ಮೇಲೆ ಹಾಕಲು ನಮ್ಮ ಹಂದಿಯ ಒಂದು ಒಳ್ಳೆಯ ಪಟ ಇದೆ. ಡಿಸೆಂಬರಿನ ಚಳಿ ಬೀಳುವ ಮೊದಲು ತಿಳಿಸಿದರೆ ಅನುಕೂಲ.